ಓದುಗರು ಪುಸ್ತಕ ಕೆಳಗಿಟ್ಟ ಜಾಗ: ಉಡುಪಿಯಲ್ಲಿ ಒಂದು ಸರಣಿ ಕೊಲೆ ಕಾದಂಬರಿಯ ಕರಡು ಓದು

ಪತ್ತೇದಾರಿ ಕಾದಂಬರಿ ಓದಿ ಮುಗಿಸಿದವರನ್ನು "ಹೇಗಿತ್ತು?" ಎಂದು ಕೇಳಿದರೆ ಹೆಚ್ಚಾಗಿ ಬರುವುದು ಎರಡೇ ಉತ್ತರ. "ಒಂದೇ ಉಸಿರಿಗೆ ಓದಿಸಿಕೊಂಡು ಹೋಯಿತು" ಎನ್ನುತ್ತಾರೆ, ಇಲ್ಲವೇ "ನಡುವೆ ಸ್ವಲ್ಪ ಎಳೆದ ಹಾಗಾಯಿತು" ಎನ್ನುತ್ತಾರೆ. ಮೊದಲನೆಯದನ್ನು ಕೇಳಿ ಲೇಖಕರು ಸಂತೋಷಪಡಬಹುದು, ಎರಡನೆಯದನ್ನು ಕೇಳಿ ಬೇಸರಪಡಬಹುದು. ಕರಡು ತಿದ್ದಲು ಎರಡರಿಂದಲೂ ಏನೂ ಸಿಗುವುದಿಲ್ಲ. ಎಳೆದದ್ದು ಎಲ್ಲಿ, ಎಷ್ಟು ಹಾಳೆ, ಯಾಕೆ ಎಂಬುದು ಅಲ್ಲಿಲ್ಲ.

ಉಡುಪಿಯ ಒಂದು ಓದುಗರ ಬಳಗ ಅಚ್ಚಿಗೆ ಹೋಗುವ ಮುನ್ನ ಓದಿದ ಸರಣಿ ಕೊಲೆಯ ಕಾದಂಬರಿಯೊಂದರ ಪ್ರಕರಣ ಇದು. ಲೇಖಕರ ಹೆಸರಾಗಲಿ ಕಾದಂಬರಿಯ ಹೆಸರಾಗಲಿ ಇಲ್ಲಿ ಬೇಕಿಲ್ಲ. 42 ಅಧ್ಯಾಯ, ಎ4 ಹಾಳೆಯ ಒಂದೇ ಬದಿಗೆ 14 ಪಾಯಿಂಟಿನಲ್ಲಿ 210 ಹಾಳೆ. ಕಥೆ 2024ರ ಮೇ ತಿಂಗಳಿಂದ ಆಗಸ್ಟ್‌ವರೆಗೆ ಉಡುಪಿ, ಮಲ್ಪೆ, ಬಂಟ್ವಾಳ, ಮಂಗಳೂರುಗಳಲ್ಲಿ ನಡೆಯುತ್ತದೆ. ಐದು ಕೊಲೆ, ಒಬ್ಬರು ಮಹಿಳಾ ಇನ್‌ಸ್ಪೆಕ್ಟರ್, ನಡುನಡುವೆ ಕೊಲೆಗಾರನೇ ಮಾತಾಡುವ ಆರು ಪುಟ್ಟ ಅಧ್ಯಾಯ.

ಓದಿಸಿದ ಕ್ರಮ

ಹದಿನಾಲ್ಕು ಪ್ರತಿ ಸ್ಪೈರಲ್ ಬೈಂಡ್ ಮಾಡಿಸಿ ಹಂಚಲಾಯಿತು. ಬಲಬದಿಯಲ್ಲಿ ನಾಲ್ಕು ಸೆಂಟಿಮೀಟರ್ ಖಾಲಿ ಅಂಚು. ಓದುವಾಗ ಅಭಿಪ್ರಾಯ ಬರೆಯಬೇಡಿ, ನಾಲ್ಕು ಗುರುತು ಮಾತ್ರ ಹಾಕಿ ಎಂದು ಕೇಳಿಕೊಂಡದ್ದು ಈ ಕೆಲಸದ ಮುಖ್ಯ ಭಾಗ. ಓದು ನಿಲ್ಲಿಸಿ ಎದ್ದ ಕಡೆ "ನಿ". ಏನೋ ಮರೆತಂತಾಗಿ ಹಿಂದಿನ ಹಾಳೆ ತಿರುವಿದ ಕಡೆ "ಹಿಂ". ಕೊಲೆಗಾರ ಇವನೇ ಎಂದು ಗುಮಾನಿ ಬಂದ ಕಡೆ "ಗು", ಪಕ್ಕದಲ್ಲಿ ಆ ಪಾತ್ರದ ಹೆಸರು. ಹೀಗೆ ನಡೆಯಲು ಸಾಧ್ಯವೇ ಇಲ್ಲ ಅನ್ನಿಸಿದ ಕಡೆ "ತ". ಊಟಕ್ಕೋ ನಿದ್ದೆಗೋ ಎದ್ದದ್ದಾದರೆ "ನಿ"ಗೆ ಸುತ್ತು ಹಾಕಬೇಕು. ಆಗ ಬೇಸರದಿಂದ ನಿಂತದ್ದು ಬೇರೆಯಾಗಿ ಕಾಣುತ್ತದೆ.

ಓದುಗರನ್ನು ಆರಿಸುವಾಗ ಪತ್ತೇದಾರಿ ಬಿಟ್ಟು ಬೇರೇನೂ ಓದದವರನ್ನೂ, ಅದನ್ನು ಎಂದೂ ಓದದವರನ್ನೂ ಸೇರಿಸಿಕೊಳ್ಳಲಾಯಿತು. ನಿವೃತ್ತ ಪೊಲೀಸ್ ಅಧಿಕಾರಿ, ವಕೀಲರು, ಶವಾಗಾರದ ಕೆಲಸ ಬಲ್ಲ ನರ್ಸ್, ಮಲ್ಪೆಯ ಬೋಟಿನಲ್ಲಿ ದುಡಿದವರೊಬ್ಬರು, ಬ್ಯಾಂಕ್ ಉದ್ಯೋಗಿಗಳು, ಕಾಲೇಜು ವಿದ್ಯಾರ್ಥಿಗಳು ಇದ್ದರು. ಹನ್ನೊಂದು ಪ್ರತಿಗಳು ಗುರುತುಗಳೊಡನೆ ಮರಳಿದವು.

ಒಂದು ಕಡೆ ಕ್ರಮ ತಪ್ಪಿತು. ಪ್ರತಿ ಹಂಚಿದ ವಾರದಲ್ಲೇ ಓದುಗರದ್ದೊಂದು ವಾಟ್ಸಾಪ್ ಗುಂಪು ಶುರುವಾಗಿ, ಮೊದಲು ಮುಗಿಸಿದವರು ಕೊಲೆಗಾರನ ಹೆಸರಿನ ಸುಳಿವು ಅಲ್ಲಿ ಹಾಕಿಬಿಟ್ಟರು. ಅದನ್ನು ನೋಡಿದ ಇಬ್ಬರ "ಗು" ಗುರುತುಗಳನ್ನು ಲೆಕ್ಕದಿಂದ ಕೈಬಿಡಬೇಕಾಯಿತು. "ನಿ", "ತ" ಗುರುತುಗಳು ಉಳಿದವು. ಕೊಲೆಗಾರ ಗೊತ್ತಿದ್ದರೂ ತಪ್ಪು ತಪ್ಪೇ. ಎಲ್ಲ ಪ್ರತಿ ಕೈಗೆ ಬರುವವರೆಗೆ ಓದುಗರನ್ನು ಪರಸ್ಪರ ಮಾತಾಡಲು ಬಿಡಬಾರದು. ಚರ್ಚೆಯನ್ನು ಪ್ರತಿ ಸಂಗ್ರಹಿಸಿದ ಮೇಲೆಯೇ ಇಡಬೇಕು. ಸಭೆಯಲ್ಲಿ ಮೊದಲು ಗಟ್ಟಿಯಾಗಿ ಮಾತಾಡಿದವರ ಅಭಿಪ್ರಾಯವೇ ಉಳಿದವರದ್ದೂ ಆಗಿಬಿಡುತ್ತದೆ, ಅದೂ ಹಿರಿಯರು ಮಾತಾಡಿದರಂತೂ ಕಿರಿಯರು ಬಾಯಿ ಬಿಡುವುದೇ ಇಲ್ಲ.

ಎಲ್ಲರೂ ಎದ್ದುಹೋದ ಹದಿನೈದು ಹಾಳೆ

ಗುರುತುಗಳನ್ನು ಹಾಳೆಯ ಸಂಖ್ಯೆಯಂತೆ ಒಂದೇ ಪಟ್ಟಿಗೆ ಇಳಿಸಿದಾಗ ಒಂದು ಜಾಗ ಎದ್ದು ಕಂಡಿತು. 82ರಿಂದ 96ನೇ ಹಾಳೆಯೊಳಗೆ, ಅಂದರೆ 17, 18, 19ನೇ ಅಧ್ಯಾಯಗಳಲ್ಲಿ, ಹನ್ನೊಂದರಲ್ಲಿ ಒಂಬತ್ತು ಜನ ಸುತ್ತು ಇಲ್ಲದ "ನಿ" ಹಾಕಿದ್ದರು. ಅಲ್ಲಿ ನಡೆಯುವುದು ಮೂರನೆಯ ಕೊಲೆ. ರಾತ್ರಿ, ಮಳೆ, ಹೊಳೆಬದಿ, ಓಡುವ ಹುಡುಗಿ. ಇಡೀ ಕಾದಂಬರಿಯಲ್ಲಿ ಲೇಖಕರು ಅತಿ ಹೆಚ್ಚು ಶ್ರಮಪಟ್ಟು ಬರೆದ ಭಾಗ ಅದೇ, ವಾಕ್ಯಗಳೂ ಚುರುಕಾಗಿವೆ. ಹಾಗಿದ್ದೂ ಓದುಗರು ಎದ್ದುಹೋದರು.

ಚರ್ಚೆಯಲ್ಲಿ ಹೆಚ್ಚಿನವರು ಹೇಳಿದ ಪರಿಹಾರ ಒಂದೇ: ಆ ಮುಂಚಿನ ತನಿಖೆಯ ಮಾತುಕತೆ ಕಡಿಮೆ ಮಾಡಿ, ಬೇಗ ಕೊಲೆಗೆ ಬನ್ನಿ. ಓದುಗರು ತೋರಿಸಿದ ಜಾಗವನ್ನು ನಂಬಬೇಕು. ಅವರು ಹೇಳುವ ಔಷಧವನ್ನು ಹಾಗೇ ನಂಬಬಾರದು. ತೊಂದರೆಯ ಮೂಲ ಸಾಮಾನ್ಯವಾಗಿ ಹತ್ತಿಪ್ಪತ್ತು ಹಾಳೆ ಹಿಂದೆ ಇರುತ್ತದೆ. ಇಲ್ಲಿ 68ನೇ ಹಾಳೆಯಲ್ಲಿ, 14ನೇ ಅಧ್ಯಾಯದಲ್ಲಿ, ಮೊದಲ ಇಬ್ಬರು ಯುವತಿಯರೂ ಮೊಬೈಲ್ ರಿಪೇರಿಗೆ ಕೊಟ್ಟದ್ದು ಒಂದೇ ಅಂಗಡಿಗೆ ಎಂದು ಇನ್‌ಸ್ಪೆಕ್ಟರ್‌ಗೆ ಗೊತ್ತಾಗಿಬಿಡುತ್ತದೆ. ಆ ಅಂಗಡಿಗೆ ಬಂದುಹೋಗುವ ಮೂವರಲ್ಲಿ ಒಬ್ಬ ಕೊಲೆಗಾರ ಎಂದು ಓದುಗರು ಅಲ್ಲೇ ಲೆಕ್ಕ ಹಾಕಿ ಆಗಿದೆ. ಆಮೇಲೆ ಬರುವ ಮೂರನೆಯ ಹುಡುಗಿಯ ಕೈಯಲ್ಲೂ ಅದೇ ಅಂಗಡಿಯ ಚೀಟಿ. ಕೊಲೆ ನಡೆಯಿತು, ಹೊಸತೇನೂ ತಿಳಿಯಲಿಲ್ಲ.

ಸರಣಿ ಕೊಲೆಯ ಕಾದಂಬರಿಗಳು ಹೆಚ್ಚಾಗಿ ಬಿದ್ದುಹೋಗುವುದು ಇಲ್ಲಿಯೇ. ಹೆಣ ಬಿದ್ದ ಮಾತ್ರಕ್ಕೆ ವೇಗ ಹುಟ್ಟುವುದಿಲ್ಲ. ಪ್ರತಿ ಕೊಲೆಯ ನಂತರ ತನಿಖಾಧಿಕಾರಿ ಕೇಳುವ ಪ್ರಶ್ನೆ ಬದಲಾಗಬೇಕು. ಮೊದಲನೆಯದರಲ್ಲಿ "ಯಾರು ಕೊಂದರು?", ಎರಡನೆಯದರಲ್ಲಿ "ಇವರಿಬ್ಬರ ನಡುವೆ ಏನು ಸಂಬಂಧ?". ಮೂರನೆಯದರಲ್ಲೂ ಅದೇ ಎರಡನೆಯ ಪ್ರಶ್ನೆ ಉಳಿದರೆ, ಎಷ್ಟೇ ಗಾಬರಿಯ ದೃಶ್ಯ ಬರೆದರೂ ಓದುಗರು ಎದ್ದು ಚಹಾ ಮಾಡಲು ಹೋಗುತ್ತಾರೆ. ಕರಡನ್ನು ಪರೀಕ್ಷಿಸಲು ಇದೊಂದು ನೇರ ಉಪಾಯ: ಪ್ರತಿ ಕೊಲೆಯ ಎದುರು, ಅದಾದ ಮೇಲೆ ತನಿಖೆಯ ಪ್ರಶ್ನೆ ಏನು ಎಂದು ಒಂದೇ ಸಾಲಿನಲ್ಲಿ ಬರೆಯಿರಿ. ಎರಡು ಸಾಲು ಒಂದೇ ಆಗಿದ್ದರೆ ಒಂದು ಕೊಲೆ ಹೆಚ್ಚಾಗಿದೆ.

ತಿದ್ದುಪಡಿ ಹೀಗೆ ಆಯಿತು. ಮಳೆರಾತ್ರಿಯ ಕೊಲೆಯನ್ನು ಪೂರ್ತಿ ತೆಗೆಯಲಾಯಿತು. ಅದರ ಜಾಗದಲ್ಲಿ ಇನ್‌ಸ್ಪೆಕ್ಟರ್‌ಗೆ ಬೇರೊಂದು ಠಾಣೆಯ ಹಳೆಯ ಯುಡಿಆರ್ (ಅಸಹಜ ಸಾವಿನ ವರದಿ) ಕಡತ ಸಿಗುತ್ತದೆ. ಅಸಹಜ ಸಾವು, ಗುರುತು ಸಿಗದ ಶವ ಎಂದು ಬರೆದು ಮುಚ್ಚಿಟ್ಟದ್ದು. ಸಾವಿನ ದಿನಾಂಕ "ಮೊದಲ" ಕೊಲೆಗಿಂತ ಹಿಂದಿನದು. ತಾನು ಮೊದಲನೆಯದು ಎಂದುಕೊಂಡದ್ದು ಮೊದಲನೆಯದಲ್ಲ ಎಂದು ಗೊತ್ತಾದ ಕೂಡಲೇ ಪ್ರಶ್ನೆ "ಇದು ಎಷ್ಟು ವರ್ಷದಿಂದ ನಡೆಯುತ್ತಿದೆ?" ಎಂದಾಗುತ್ತದೆ. ಅಂಗಡಿಯ ಸುಳಿವು 14ನೇ ಅಧ್ಯಾಯದಿಂದ 22ಕ್ಕೆ ಹೋಯಿತು. ಹದಿನೈದು ಹಾಳೆ ಎಂಟಕ್ಕೆ ಇಳಿಯಿತು, ಓಟದ ದೃಶ್ಯ ಒಂದೂ ಇಲ್ಲ.

ಈ ಕಡತದ ದಾರಿ ಹೊಳೆದದ್ದಕ್ಕೆ ಊರಿನದೇ ಹಿನ್ನೆಲೆ ಇದೆ. ದಕ್ಷಿಣ ಕನ್ನಡದ ಓದುಗರ ಎದುರು ಸರಣಿ ಕೊಲೆಯ ಕಥೆ ಇಟ್ಟರೆ ಅವರು ಅದನ್ನು ಹೋಲಿಸುವುದು ಹೊರದೇಶದ ಸಿನಿಮಾಗಳಿಗಲ್ಲ, ಸಯನೈಡ್ ಮೋಹನ್ ಕುಮಾರ್ ಪ್ರಕರಣಕ್ಕೆ. 2009ರಲ್ಲಿ ಬಂಟ್ವಾಳ ತಾಲೂಕಿನ ಯುವತಿಯೊಬ್ಬರು ನಾಪತ್ತೆಯಾದ ದೂರಿನ ಬೆನ್ನುಹತ್ತಿ, ಮೊಬೈಲ್ ಕರೆ ವಿವರಗಳನ್ನು ಜೋಡಿಸುತ್ತ ಹೋದಾಗ ಆ ಪ್ರಕರಣ ಬಯಲಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಬಂಧನ. ಆರೋಪ 20 ಮಹಿಳೆಯರ ಕೊಲೆಯದು. 2013ರ ಡಿಸೆಂಬರ್‌ನಲ್ಲಿ ಮಂಗಳೂರಿನ ನ್ಯಾಯಾಲಯ ಮೊದಲ ತೀರ್ಪುಗಳಲ್ಲಿ ಮರಣದಂಡನೆ ವಿಧಿಸಿತು. ಶವಗಳು ಸಿಕ್ಕಿದ್ದು ದೂರದೂರದ ಊರುಗಳ ಬಸ್ ನಿಲ್ದಾಣಗಳ ಶೌಚಾಲಯಗಳಲ್ಲಿ. ಒಂದೊಂದೂ ಒಂದೊಂದು ಠಾಣೆಯ ಕಡತದಲ್ಲಿ ಅಸಹಜ ಸಾವಾಗಿ ಉಳಿದಿತ್ತು, ಕಾಣೆಯಾದ ದೂರು ಇದ್ದದ್ದು ಇನ್ನೊಂದು ಠಾಣೆಯಲ್ಲಿ. ಆ ಎರಡು ಕಾಗದ ಒಂದು ಮೇಜಿನ ಮೇಲೆ ಬರದೇ ಹೋದದ್ದೇ ಅಲ್ಲಿಯ ಭಯಾನಕ ಸಂಗತಿ. ಇದನ್ನು ಪತ್ರಿಕೆಯಲ್ಲಿ ದಿನದಿನವೂ ಓದಿ ಬಲ್ಲ ಜನರಿಗೆ ಮಳೆಯಲ್ಲಿ ಓಡುವ ಹುಡುಗಿ ಹೆದರಿಕೆ ಹುಟ್ಟಿಸಲಾರಳು, ಮುಚ್ಚಿಟ್ಟ ಕಡತ ಹುಟ್ಟಿಸುತ್ತದೆ.

ಓದುಗರ ಒಂದು ಮಾತು ಚರ್ಚೆಯ ದಿಕ್ಕನ್ನೇ ಬದಲಿಸಿತು. "ಹೆಣ ಲೆಕ್ಕ ಮಾಡಿದ್ದಾಯ್ತು ಮಾರಾಯ್ರೆ, ಹುಡುಗಿಯರ ಮನೆಯವರು ಯಾರೂ ಬರ್ಲೇ ಇಲ್ಲ." ಮೂಲ ಕರಡಿನಲ್ಲಿ ಸತ್ತವರು ವಯಸ್ಸು, ಉಡುಪು, ಗಾಯ ಇಷ್ಟರಲ್ಲೇ ಮುಗಿಯುತ್ತಿದ್ದರು. ತಿದ್ದಿದ ಕರಡಿನಲ್ಲಿ ಒಬ್ಬೊಬ್ಬರಿಗೂ ಒಂದು ಹಾಳೆ ಸೇರಿತು: ಯಾರ ಹತ್ತಿರ ಸಾಲ ಇತ್ತು, ದೂರು ಕೊಡಲು ಮನೆಯವರು ಯಾಕೆ ತಡ ಮಾಡಿದರು, ಠಾಣೆಯಲ್ಲಿ ಅವರಿಗೆ ಏನು ಹೇಳಿ ಕಳಿಸಿದರು. ವೇಗ ಕಡಿಮೆಯಾದೀತೆಂಬ ಅಳುಕು ಲೇಖಕರಿಗಿತ್ತು. ದೂರು ತಡವಾದ ಕಾರಣವೇ ಕೊಲೆಗಾರನ ಆಯ್ಕೆಯ ಕ್ರಮವನ್ನು ತೋರಿಸುವಂತೆ ಹೆಣೆದ ಮೇಲೆ ಆ ಹಾಳೆಗಳೇ ತನಿಖೆಯ ಹಾಳೆಗಳಾದವು.

"ತ" ಗುರುತುಗಳು

ತಪ್ಪುಗಳು ಕಥೆಯನ್ನು ಕೆಡಿಸುವುದಿಲ್ಲ, ಓದುಗರು ಹೊಂದಿಕೊಳ್ಳುತ್ತಾರೆ ಎಂದು ವಾದಿಸುವವರಿದ್ದಾರೆ. ಈ ಪ್ರತಿಗಳು ಬೇರೆಯದನ್ನೇ ಹೇಳಿದವು. "ತ" ಬಿದ್ದ ಹಾಳೆಯಿಂದ ಮೂರು ಹಾಳೆಯೊಳಗೆ ಅದೇ ಓದುಗರ "ನಿ" ಬಿದ್ದಿರುವುದು ಮತ್ತೆ ಮತ್ತೆ ಕಂಡಿತು. ಒಮ್ಮೆ ನಂಬಿಕೆ ಹೋದರೆ ಮುಂದಿನ ಸುಳಿವನ್ನು ಹುಡುಕುವ ಉಮೇದು ಹೋಗುತ್ತದೆ, ಯಾಕೆಂದರೆ ವಿಚಿತ್ರವಾಗಿ ಕಂಡದ್ದು ಸುಳಿವೋ ಲೇಖಕರ ತಪ್ಪೋ ಎಂದು ತಿಳಿಯುವುದಿಲ್ಲ. ಪತ್ತೇದಾರಿ ಕಾದಂಬರಿಗೆ ಇದಕ್ಕಿಂತ ದೊಡ್ಡ ಪೆಟ್ಟಿಲ್ಲ.

ಅತಿ ಹೆಚ್ಚು "ತ" ಬಿದ್ದದ್ದು ಸಮುದ್ರದ ದೃಶ್ಯಕ್ಕೆ. ಕರಡಿನಲ್ಲಿ ಜುಲೈ ತಿಂಗಳ ಮಧ್ಯರಾತ್ರಿ ಕೊಲೆಗಾರ ಒಬ್ಬನೇ ಮಲ್ಪೆ ಬಂದರಿನಿಂದ ಟ್ರಾಲ್ ಬೋಟ್ ಹೊರಡಿಸಿ ಶವವನ್ನು ಕಡಲಿಗೆ ಹಾಕುತ್ತಾನೆ. ಕರ್ನಾಟಕ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೋಟುಗಳು ಬಂದರಿನಲ್ಲಿ ಒಂದಕ್ಕೊಂದು ತಾಗಿ ಕಟ್ಟಿಕೊಂಡಿರುತ್ತವೆ, ನಡುವಿನದನ್ನು ಬಿಡಿಸಿಕೊಳ್ಳುವುದೇ ಆಗದ ಕೆಲಸ. ಆಗ ಮೀನು ಹಿಡಿಯುವುದು ನಾಡದೋಣಿಯವರು. ಅದೂ ಗುಂಪಾಗಿ, ಕಡಲು ನೋಡಿಕೊಂಡು. ಹೊಳೆ ಕಡಲು ಸೇರುವ ಅಳಿವೆಯನ್ನು ಮಳೆಗಾಲದಲ್ಲಿ ಒಬ್ಬನೇ ದಾಟುವ ಮಾತೇ ಇಲ್ಲ. ಇನ್ನೂ ಒಂದು: ಶವ ಸಿಕ್ಕಿದ್ದು ಮರವಂತೆಯಲ್ಲಿ ಎಂದಿತ್ತು. ಮರವಂತೆ ಇರುವುದು ಮಲ್ಪೆಯ ಉತ್ತರಕ್ಕೆ. ಮುಂಗಾರಿನಲ್ಲಿ ಈ ತೀರದ ಹರಿವು ಸಾಮಾನ್ಯವಾಗಿ ದಕ್ಷಿಣಕ್ಕೆ.

ತಿದ್ದಿದ್ದು ಹೀಗೆ: ಶವವನ್ನು ತುಂಬಿ ಹರಿಯುವ ಸ್ವರ್ಣಾ ಹೊಳೆಗೆ ಹಾಕುತ್ತಾನೆ, ಕೋಡಿಬೆಂಗ್ರೆಯ ಅಳಿವೆಯಿಂದ ಅದು ಕಡಲಿಗೆ ಹೋಗಿ ದಕ್ಷಿಣದ ಕಾಪು ಕಡೆಯ ಮರಳಿಗೆ ಬರುತ್ತದೆ. ಬೋಟಿನ ಕೆಲಸ ಬಲ್ಲ ಓದುಗರು ಒಪ್ಪಿದ ದಾರಿ ಇದು. ಇದರಿಂದ ಕಥೆಗೆ ಒಂದು ಲಾಭವೂ ಆಯಿತು. ಶವ ಹೊಳೆಯಲ್ಲೇ ಉಳಿಯುತ್ತದೆ ಎಂದು ಕೊಲೆಗಾರ ನಂಬಿದ್ದ. ಕಡಲಿನ ಸ್ವಭಾವ ತಿಳಿಯದವನು, ಅಂದರೆ ಕರಾವಳಿಯಲ್ಲಿ ಬೆಳೆದವನಲ್ಲ ಎಂಬ ಸುಳಿವು ತಾನಾಗಿ ಹುಟ್ಟಿತು.

ಅದೇ ಜುಲೈ ತಿಂಗಳಲ್ಲಿ ಒಂದು ದೈವದ ಕೋಲದ ದೃಶ್ಯವೂ ಇತ್ತು. ಪತ್ತನಾಜೆ ಕಳೆದರೆ, ಅಂದರೆ ಮೇ ಕೊನೆಯ ವಾರದಿಂದ, ತುಳುನಾಡಿನಲ್ಲಿ ಕೋಲ, ನೇಮಗಳು ನಿಲ್ಲುತ್ತವೆ, ಯಕ್ಷಗಾನ ಮೇಳಗಳೂ ಗೆಜ್ಜೆ ಬಿಚ್ಚುತ್ತವೆ. ದಿನಾಂಕ ಬದಲಿಸಿದರೆ ಸಾಕಿತ್ತು. ಆದರೆ ಓದುಗರ ಆಕ್ಷೇಪ ದಿನಾಂಕಕ್ಕಷ್ಟೇ ಇರಲಿಲ್ಲ. ದೈವವನ್ನು ಹೆದರಿಕೆಯ ಅಲಂಕಾರಕ್ಕೆ ತಂದಿದ್ದಾರೆ, ಕಥೆಗೆ ಅದರಿಂದ ಏನೂ ಆಗಬೇಕಾಗಿಲ್ಲ ಎಂದು ನಾಲ್ವರು ಬರೆದಿದ್ದರು. ಅವರ ಮಾತು ಸರಿ. ಆ ದೃಶ್ಯವೇ ಹೋಯಿತು.

ಪೊಲೀಸ್ ವ್ಯವಸ್ಥೆಯ ತಪ್ಪುಗಳನ್ನು ಬೇಗ ಹೇಳಿ ಮುಗಿಸಬಹುದು. ಕರಡಿನಲ್ಲಿ ಮಂಗಳೂರು ಪೊಲೀಸ್ ಕಮಿಷನರ್ ಬಂಟ್ವಾಳ ಠಾಣೆಗೆ ಆದೇಶ ಕೊಡುತ್ತಾರೆ. 2010ರಲ್ಲಿ ಕಮಿಷನರೇಟ್ ಆದ ಮೇಲೆ ಬಂಟ್ವಾಳ, ಪುತ್ತೂರು, ಬೆಳ್ತಂಗಡಿ, ಸುಳ್ಯ ಇವೆಲ್ಲ ಜಿಲ್ಲಾ ಎಸ್‌ಪಿ ಕೈಕೆಳಗೇ ಉಳಿದಿವೆ. ಉಡುಪಿ ಮತ್ತು ದಕ್ಷಿಣ ಕನ್ನಡ ಎಸ್‌ಪಿಗಳ ಮೇಲೆ ಇರುವುದು ಪಶ್ಚಿಮ ವಲಯದ ಐಜಿಪಿ, ಕಚೇರಿ ಮಂಗಳೂರಿನಲ್ಲಿ. ಎರಡು ಜಿಲ್ಲೆಯ ಕೊಲೆಗಳಿಗೆ ವಿಶೇಷ ತಂಡ ಮಾಡುವವರು ಅವರು. ಇನ್ನೊಂದು ತಪ್ಪು: ಕಾರೊಂದು ಉಡುಪಿಯಿಂದ ಮಂಗಳೂರಿಗೆ ಹೋದದ್ದಕ್ಕೆ ಹೆಜಮಾಡಿ ಟೋಲಿನ ಫಾಸ್ಟ್ಯಾಗ್ ದಾಖಲೆಯೇ ಇಲ್ಲ, ಆದ್ದರಿಂದ ಕಾರು ಹೋಗಲೇ ಇಲ್ಲ ಎಂದು ಇನ್‌ಸ್ಪೆಕ್ಟರ್ ತೀರ್ಮಾನಿಸುತ್ತಾರೆ. ಕಾರ್ಕಳ, ಮೂಡುಬಿದಿರೆ ಮೇಲೆ ಹೋದರೆ ಹೆಜಮಾಡಿ ಸಿಗುವುದೇ ಇಲ್ಲ. ಅದು ಇಲ್ಲಿಯ ಯಾವ ಡ್ರೈವರಿಗೂ ಗೊತ್ತು, ಇನ್‌ಸ್ಪೆಕ್ಟರ್‌ಗೆ ಗೊತ್ತಿಲ್ಲವೆಂದರೆ ಅವರು ಹೊರಗಿನವರಾಗಿರಬೇಕು.

ಕಾನೂನಿನ ಗೊಂದಲ ಸ್ವಲ್ಪ ಬಿಡಿಸಿ ಹೇಳಬೇಕಾದದ್ದು. ಕಥೆ 2024ರ ಮೇ ತಿಂಗಳಿಂದ ಆಗಸ್ಟ್‌ವರೆಗೆ ನಡೆಯುವುದರಿಂದ ಜುಲೈ 1ರಂದು ಹೊಸ ಅಪರಾಧ ಕಾನೂನುಗಳು ಜಾರಿಗೆ ಬಂದ ದಿನ ಕಥೆಯ ನಡುವೆಯೇ ಬರುತ್ತದೆ. ಮೇ ತಿಂಗಳ ಕೊಲೆಗೆ ಐಪಿಸಿ 302, ಜುಲೈ 1ರಿಂದ ಈಚಿನದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) 103. ಅಸಹಜ ಸಾವಿನ ವಿಚಾರಣೆ ಮೊದಲು ಸಿಆರ್‌ಪಿಸಿ 174, ಆಮೇಲೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 194. ಮೇ ತಿಂಗಳ ಸಾವು ಕೊಲೆ ಎಂದು ಜುಲೈಯಲ್ಲಿ ಗೊತ್ತಾಗಿ ಆಗ ಎಫ್‌ಐಆರ್ ಆದರೆ ಅಪರಾಧದ ಕಲಂ ಹಳೆಯದು, ತನಿಖೆಯ ಕ್ರಮ ಹೊಸದು. ಕರಡಿನಲ್ಲಿ ಎಲ್ಲದಕ್ಕೂ 302 ಎಂದಿತ್ತು. ಈ ಗೊಂದಲ ಬೇಡವೆಂದಾದರೆ ಕಥೆಯ ವರ್ಷ ಬದಲಿಸುವುದು ಸುಲಭ. ಲೇಖಕರು ಹಾಗೆ ಮಾಡದೆ, ಠಾಣೆಯ ರೈಟರ್ ಹೊಸ ಕಲಂ ಪಟ್ಟಿಯನ್ನು ಗಾಜಿನ ಕೆಳಗೆ ಇಟ್ಟುಕೊಂಡು ಬರೆಯುವ ಪುಟ್ಟ ದೃಶ್ಯ ಸೇರಿಸಿದರು. ಠಾಣೆಯ ಜೀವ ಅದರಲ್ಲಿ ಬಂದಿದೆ.

ಶವಪರೀಕ್ಷೆಯ ದೃಶ್ಯದಲ್ಲಿ ವೈದ್ಯರು ಒಳಾಂಗಗಳನ್ನು ಫಾರ್ಮಲಿನ್ ಬಾಟಲಿಗೆ ಹಾಕಿ ವಿಷಪರೀಕ್ಷೆಗೆ ಕಳಿಸುತ್ತಾರೆ. ಫಾರ್ಮಲಿನ್ ಅಂಗಾಂಶ ಪರೀಕ್ಷೆಗೆ. ವಿಷ ಪತ್ತೆಗೆ ಅದು ಅಡ್ಡಿ. ವಿಷದ ಅನುಮಾನವಿದ್ದರೆ ಜಠರವನ್ನು ಅದರೊಳಗಿದ್ದದ್ದರ ಸಮೇತ, ಸಣ್ಣ ಕರುಳಿನ ಭಾಗ, ಯಕೃತ್ತು ಮತ್ತು ಮೂತ್ರಪಿಂಡಗಳ ತುಂಡುಗಳನ್ನು ಬೇರೆ ಬಾಟಲಿಗಳಲ್ಲಿ, ಸಾಮಾನ್ಯವಾಗಿ ಪರ್ಯಾಪ್ತ (ಇನ್ನು ಉಪ್ಪು ಕರಗದಷ್ಟು ಗಟ್ಟಿಯಾದ) ಉಪ್ಪುನೀರಿನಲ್ಲಿ ಹಾಕಿ, ಸೀಲ್ ಮಾಡಿ, ಮಾದರಿ ಸೀಲಿನೊಡನೆ ಕಳಿಸುತ್ತಾರೆ. ಮಂಗಳೂರಿನಲ್ಲಿ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯ ಇದೆ. ವರದಿ ಮರುದಿನ ಬೆಳಿಗ್ಗೆ ಬರುವುದಿಲ್ಲ. ಈ ಕಾಯುವಿಕೆ ಥ್ರಿಲ್ಲರಿಗೆ ಶತ್ರು ಎಂದು ಲೇಖಕರು ಹೆದರುತ್ತಾರೆ, ಅದು ಮಿತ್ರ. ವರದಿ ಇಲ್ಲದ ಆ ವಾರಗಳಲ್ಲಿ ಇನ್‌ಸ್ಪೆಕ್ಟರ್ ತಪ್ಪು ಮನುಷ್ಯನ ಹಿಂದೆ ಹೋಗಲು ಕಾರಣ ಸಿಗುತ್ತದೆ.

ಕೊಲೆಗಾರನ ಅಧ್ಯಾಯಗಳು

ಆರು ಅಧ್ಯಾಯಗಳ ಬಗ್ಗೆ ಬಳಗ ಸರಿಯಾಗಿ ಎರಡು ಪಾಲಾಯಿತು. ಕೆಲವರಿಗೆ ಅವೇ ಇಷ್ಟ, ಕೆಲವರು ಹಾರಿಸಿಕೊಂಡು ಹೋದರು. "ಗು" ಗುರುತು ಜಗಳ ಬಿಡಿಸಿತು: ಲೆಕ್ಕಕ್ಕೆ ಉಳಿದ ಒಂಬತ್ತರಲ್ಲಿ ಆರು ಜನ ಸರಿಯಾದ ಹೆಸರನ್ನು ಬರೆದದ್ದು 121ನೇ ಹಾಳೆಯಲ್ಲಿ, ನಾಲ್ಕನೆಯ ಕೊಲೆಗಾರ-ಅಧ್ಯಾಯದಲ್ಲಿ. ಅಲ್ಲಿ ಅವನು ಶವದ ಕೈಗೆ ಕಟ್ಟಿದ್ದ ಕಪ್ಪು ನೂಲನ್ನು ಶವಾಗಾರದಲ್ಲಿ ಕತ್ತರಿಸಿದರು ಎಂದು ಹೇಳಿಕೊಳ್ಳುತ್ತಾನೆ. ನೂಲಿನ ವಿಷಯ ಪತ್ರಿಕೆಗೆ ಹೋಗಿಲ್ಲ. ಅದನ್ನು ಕಂಡವರು ವೈದ್ಯರು, ಇನ್‌ಸ್ಪೆಕ್ಟರ್, ಕಾನ್‌ಸ್ಟೇಬಲ್ ಮತ್ತು ಶವ ಸಾಗಿಸಿದ ಆಂಬುಲೆನ್ಸ್ ಚಾಲಕ. ಲೆಕ್ಕ ಮುಗಿಯಿತು. ಕೊಲೆಗಾರನ ಬಾಯಲ್ಲಿ ಬರುವ ಪ್ರತಿ ಮಾಹಿತಿಯ ಎದುರು "ಇದು ಯಾರಿಗೆಲ್ಲ ಗೊತ್ತು?" ಎಂದು ಬರೆದು ನೋಡಿದ್ದರೆ ಕರಡಿನಲ್ಲೇ ಸಿಗುತ್ತಿದ್ದ ಸೋರಿಕೆ ಇದು. ನೂಲಿನ ಸಾಲು ತೆಗೆದರು, ಆರು ಅಧ್ಯಾಯ ಮೂರಾಯಿತು.

ಹಾರಿಸಿ ಓದಿದವರ ಕಾರಣ ಇನ್ನೂ ಸರಳ. ಆ ಅಧ್ಯಾಯಗಳು ಪೂರ್ತಿ ಓರೆ ಅಕ್ಷರದಲ್ಲಿದ್ದವು. ಒತ್ತಕ್ಷರಗಳು ಮೊದಲೇ ಸಾಲಿನ ಕೆಳಗೆ ಇಳಿದಿರುವ ಕನ್ನಡ ಲಿಪಿಯನ್ನು ಓರೆ ಮಾಡಿದರೆ ಕಣ್ಣು ಸೋಲುತ್ತದೆ. ನಾಲ್ಕು ಸಾಲಿಗೆ ಪರವಾಗಿಲ್ಲ, ನಾಲ್ಕು ಹಾಳೆಗೆ ಆಗುವುದಿಲ್ಲ. ನೇರ ಅಕ್ಷರವನ್ನೇ ಇಟ್ಟು ಎಡ ಅಂಚನ್ನು ಒಂದು ಸೆಂಟಿಮೀಟರ್ ಒಳಗೆ ಸರಿಸಲಾಯಿತು.

ತಪ್ಪೊಪ್ಪಿಗೆ

ಕೊನೆಯ ಅಧ್ಯಾಯದಲ್ಲಿ ಕೊಲೆಗಾರನನ್ನು ಮೂರು ದಿನ ಗೆಸ್ಟ್‌ಹೌಸಿನಲ್ಲಿ ಕೂರಿಸಿ ತಪ್ಪೊಪ್ಪಿಸಿಕೊಂಡು ಕಥೆ ಮುಗಿಯುತ್ತಿತ್ತು. ಬಂಧಿಸಿದವರನ್ನು ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಪೊಲೀಸರ ಎದುರು ಒಪ್ಪಿಕೊಂಡದ್ದು ಸಾಕ್ಷ್ಯವಲ್ಲ, ಹಿಂದಿನ ಸಾಕ್ಷ್ಯ ಕಾಯ್ದೆಯ 25ನೇ ಕಲಮಿನಲ್ಲೂ ಈಗಿನ ಅಧಿನಿಯಮದ 23ರಲ್ಲೂ. ಆದರೆ ಆರೋಪಿ ಕೊಟ್ಟ ಮಾಹಿತಿಯಿಂದ ಒಂದು ವಸ್ತು ಪತ್ತೆಯಾದರೆ ಅಷ್ಟು ಭಾಗ ನಿಲ್ಲುತ್ತದೆ. ವಕೀಲ ಓದುಗರು ತಮ್ಮ ಪ್ರತಿಯ ಕೊನೆಯ ಹಾಳೆಯಲ್ಲಿ ಬರೆದದ್ದು ಇಷ್ಟೇ: "ಇವನು ನಾಳೆ ಬಿಡುಗಡೆ ಆಗ್ತಾನೆ." ಹೊಸ ಕೊನೆಯಲ್ಲಿ ಒಪ್ಪಿಗೆಯ ಭಾಷಣ ಇಲ್ಲ. ಅವನು ಹೇಳಿದ ಜಾಗದಲ್ಲಿ, ಪಂಚರ ಎದುರು, ಆ ಹಳೆಯ ಯುಡಿಆರ್ ಕಡತದ ಯುವತಿಯ ಮೊಬೈಲ್ ಸಿಗುತ್ತದೆ, ಅದರ ಐಎಂಇಐ ಸಂಖ್ಯೆಯಿಂದ ಆಕೆಯ ಹೆಸರು ತಿಳಿಯುತ್ತದೆ.

ಎರಡನೆಯ ಸುತ್ತಿಗೆ ಹೊಸ ಓದುಗರನ್ನೇ ಹುಡುಕಬೇಕು. ಮೊದಲಿನವರಿಗೆ ಕೊಲೆಗಾರನೂ ಇಡೀ ಕಥೆಯೂ ಗೊತ್ತು, ಅವರ "ಗು", "ನಿ" ಎರಡಕ್ಕೂ ಇನ್ನು ಬೆಲೆಯಿಲ್ಲ. ಈ ಸಲ ಮಂಗಳೂರಿನ ಎಂಟು ಜನ ಓದಿದರು. ಹಳೆಯ 82–96ರ ಜಾಗದಲ್ಲಿ ಒಂದೇ "ನಿ", ಅದಕ್ಕೂ ಸುತ್ತು ಇತ್ತು. ಹೆಸರಿನ ಗುಮಾನಿ 160ನೇ ಹಾಳೆಯಾಚೆಗೆ ಹೋಯಿತು, ಮೂವರು ಕೊನೆಯವರೆಗೂ ಬೇರೆಯವರನ್ನೇ ಹಿಡಿದಿದ್ದರು. ಹೊಸದಾಗಿ ಒಂದು ಕಡೆ "ಹಿಂ" ಗುಂಪುಗೂಡಿತು: 22ನೇ ಅಧ್ಯಾಯದಲ್ಲಿ ಅಂಗಡಿಯ ಸುಳಿವು ಬಂದಾಗ ಐವರು ಮೊದಲ ಯುವತಿಯ ಮೊಬೈಲಿನ ವಿಷಯ ಹುಡುಕಲು ಹಿಂದೆ ತಿರುವಿದ್ದರು. ಸುಳಿವನ್ನು ಮುಂದಕ್ಕೆ ಸರಿಸುವಾಗ ಅದರ ಬೀಜ 9ನೇ ಅಧ್ಯಾಯದಲ್ಲೇ ಉಳಿದು ತುಂಬ ದೂರವಾಗಿತ್ತು. 16ರಲ್ಲಿ, ತಾಯಿ ಮಗಳ ಸಾಮಾನುಗಳನ್ನು ಠಾಣೆಯಿಂದ ಬಿಡಿಸಿಕೊಳ್ಳುವ ಕಡೆ, ಒಡೆದ ಗಾಜನ್ನು ಈಚೆಗಷ್ಟೇ ಹಾಕಿಸಿದ್ದಳು ಎಂಬ ಒಂದು ಮಾತು ಸೇರಿಸಿ ಕರಡನ್ನು ಡೆಮಿ 1/8 ಎಂಬ ಪುಸ್ತಕದ ಅಳತೆಯಲ್ಲಿ ಅಚ್ಚಿಗೆ ಕೊಡಲಾಯಿತು.